ಹೆಗಲಿಗೆ ಹಾಕದ ಡೋಲು

ಬಾಂದ್ರಾ ಈಸ್ಟಿನ ಖೇರವಾಡಿಗೆ ಬಂದು ವಾರಿಜಾ ದೇವಾಡಿಗರ ಮನೆ ಎಲ್ಲಿ ಅಂತ ಕೇಳಿ ನೋಡಿ, ಯಾರೂ ಹೇಳುವುದಿಲ್ಲ. ಗೊತ್ತಿದ್ದರೆ ತಾನೇ! ದೋಸೆ ಹಿಟ್ಟಿನ ವಾರಿಜಕ್ಕ ಅಂದರೆ ಸಾಕು, ಇಸ್ತ್ರಿಯವನು, ರಿಕ್ಷಾದವನು, ಮೇಲಿನ ಮಾಳಿಗೆಯ ಮರಾಠಿ ಆಜಿ, ಎಲ್ಲರ ಕೈಯೂ ಒಂದೇ ಕಡೆಗೆ ಏಳುತ್ತದೆ. ಚಾಳಿನ ಆ ಕೊನೆಯ ಖೋಲಿಯಲ್ಲಿ ಗ್ರೈಂಡರ್ ತಿರುಗುತ್ತಲೇ ಇರುತ್ತದೆ. ಸುತ್ತಲಿನ ಬಿಲ್ಡಿಂಗುಗಳ ಎಷ್ಟೋ ಮನೆಗಳಲ್ಲಿ ಬೆಳಗಿನ ದೋಸೆ ಏಳುವುದು ಅದೇ ಹಿಟ್ಟಿನಿಂದ.

ಆದರೆ ವಾರಿಜಾಳನ್ನು ಕೇಳಿದರೆ ಅವಳು ಹಿಟ್ಟಿನವಳಲ್ಲ. ಚೆಂಡೆಯವಳು.

ಅವಳ ಅಪ್ಪ ಕಾಪು ಕಡೆಯ ಒಂದು ದೇವಸ್ಥಾನದಲ್ಲಿ ಡೋಲು ಬಾರಿಸುತ್ತಿದ್ದವರು. ಡೋಲನ್ನು ಬಿಸಿಲಿಗೆ ಇಡುವುದು, ಒರೆಸುವುದು, ಒಳಗೆ ತರುವುದು ಮನೆಯ ಹೆಣ್ಣುಮಕ್ಕಳ ಕೆಲಸ. ಬಾರಿಸುವುದು ಗಂಡಸರದ್ದು. ಅದರ ಬಗ್ಗೆ ಯಾರೂ ಜಗಳ ಆಡಿದ್ದೂ ಇಲ್ಲ, ಅತ್ತದ್ದೂ ಇಲ್ಲ. ಮದುವೆಯಾಗಿ ಮುಂಬಯಿಗೆ ಬಂದು, ಮಗನನ್ನು ಓದಿಸಿ, ಅವನು ಪುಣೆಯಲ್ಲಿ ಕೆಲಸಕ್ಕೆ ಸೇರಿದ ಮೇಲೆ, ಖೇರವಾಡಿಯ ಹೆಂಗಸರೆಲ್ಲ ಸೇರಿ ಒಂದು ಚೆಂಡೆ ಬಳಗ ಶುರು ಮಾಡಿದರು. ಮುಂದಾಳು ವಂದನಾ ಅಂತ, ಎತ್ತರದ ದನಿಯ ಹೆಂಗಸು. "ವಾರಿಜಾ, ನಿನಗೆ ಕೈಯಲ್ಲೇ ಉಂಟು, ನೀನು ಬಾ" ಅಂದಳು. ವಾರಿಜಾ ಹೋದಳು. ಚೆಂಡೆಯ ಪಟ್ಟಿ ಹೆಗಲಿಗೆ ಹಾಕಿ ಮೊದಲ ಪೆಟ್ಟು ಹೊಡೆದದ್ದೇ ಹೊಡೆದದ್ದು, ಆಮೇಲೆ ಮದುವೆ ದಿಬ್ಬಣ, ಗಣಪತಿ, ಸಂಘದ ವಾರ್ಷಿಕೋತ್ಸವ, ಎಲ್ಲಿಗೆ ಕರೆದರೂ ಮೊದಲ ಸಾಲಿನಲ್ಲಿ ಅವಳೇ. ಜರಿ ಸೀರೆ, ತಲೆಗೆ ಪೇಟ, ಮುಡಿಗೆ ಮಲ್ಲಿಗೆ, ಸಾಂತಾಕ್ರೂಜಿನ ಟ್ರಾಫಿಕ್ಕನ್ನೇ ನಿಲ್ಲಿಸಿ ಬಾರಿಸಿದ್ದಾಳೆ.

ಹೋದ ವರ್ಷ ಎಡ ಹೆಗಲು ಕೈಕೊಟ್ಟಿತು. ಹಿಟ್ಟಿನ ಡಬ್ಬ ಎತ್ತಿ ಎತ್ತಿಯೋ, ಚೆಂಡೆ ಹೊತ್ತು ಹೊತ್ತೋ, ಒಂದು ದಿನ ಜಡೆ ಹಾಕಲು ಕೈ ಹಿಂದಕ್ಕೆ ಹೋಗಲಿಲ್ಲ. ಫ್ರೋಜನ್ ಶೋಲ್ಡರ್ ಅಂದರು ಡಾಕ್ಟರು. ಕೈ ಆಡಿಸಿ, ಬೇಕಾದರೆ ಬಾರಿಸಿ, ಆದರೆ ಹೆಗಲಿಗೆ ಭಾರ ಹಾಕುವ ಹಾಗಿಲ್ಲ. ವಂದನಾ ಪಾಪ ಕೆಟ್ಟವಳೇನಲ್ಲ. ಚೆಂಡೆ ತೆಗೆದು ವಾರಿಜಾಳ ಕೈಗೆ ತಾಳ ಕೊಟ್ಟಳು.

"ತಾಳ ಇಲ್ಲದೆ ಚೆಂಡೆ ಉಂಟಾ ಮಾರಾಯ್ತಿ? ನೀನೇ ನಮಗೆ ಬೇಸ್" ಅಂದಳು.

"ಹೌದು ಹೌದು. ಉಪ್ಪಿನಕಾಯಿ ಇಲ್ಲದೆ ಊಟ ಉಂಟಾ ಅಂತ ಹೇಳಿದ ಹಾಗೆ" ಅಂದಳು ವಾರಿಜಾ. ಹಿಂದಿನ ಸಾಲಿಗೆ ಹೋಗಿ ನಿಂತಳು. ಟಿಂಗ್ ಟಿಂಗ್ ಅಂತ ತಾಳ ಹಾಕುತ್ತ ಎದುರಿನವರ ಬೆನ್ನು ನೋಡುವುದು ಅವಳಿಗೆ ಹೊಸ ಅಭ್ಯಾಸ. ಒಂದು ದಿಬ್ಬಣ ಮುಗಿಸಿ ಮನೆಗೆ ಬಂದವಳು ಪೇಟ ತೆಗೆದು ಕಪಾಟಿನಲ್ಲಿಟ್ಟು, ಇನ್ನು ಸಾಕು ಅಂತ ಗಂಡ ಧನರಾಜನಿಗೆ ಹೇಳಿದಳು. ಗ್ರಾಂಟ್ ರೋಡಿನ ಹೋಟೆಲೊಂದರಲ್ಲಿ ಗಲ್ಲಾ ನೋಡುವ ಧನರಾಜ್ ಟಿವಿ ಸಣ್ಣ ಮಾಡಿದ ಅಷ್ಟೇ.

ಆಗ ಬಂದವಳು ನಿಶಾ, ವಾರಿಜಾಳ ಅಣ್ಣನ ಮಗಳು. ಕಾಲೇಜು ಹುಡುಗಿ, ಬಾಂದ್ರಾ ವೆಸ್ಟಿನ ಒಂದು ಚರ್ಚ್ ಹಾಲಿನಲ್ಲಿ ಸೇರುವ ಆರ್ಕೆಸ್ಟ್ರಾದಲ್ಲಿ ವಯೋಲಾ ನುಡಿಸುತ್ತಾಳೆ. ವಯೋಲಾ ಅಂದರೆ ನೋಡಲಿಕ್ಕೆ ಪಿಟೀಲೇ, ಸ್ವಲ್ಪ ದಪ್ಪ ದನಿಯದ್ದು. ಆವತ್ತು ಚಪ್ಪಲಿ ಬಿಡುವ ಮೊದಲೇ ಬಾಯಿ ಬಿಟ್ಟಳು.

"ಅತ್ತೆ, ಅತ್ತೆ, ಸುನೋ! ನಿಮ್ಗೆ ಒಂದು ಡೋಲು ಸಿಕ್ಕಿತು. ಮತ್ಲಬ್, ಎರಡು. ಇಷ್ಟು ದೊಡ್ಡ ಕಡಾಯಿ, ಅದಕ್ಕೆ ಮೇಲೆ ಚರ್ಮ. ಟಿಂಪನಿ ಅಂತ. ಸ್ಟ್ಯಾಂಡ್ ಮೇಲೆ ಇರ್ತದೆ. ಹೆಗಲಿಗೆ ಹಾಕ್ಲಿಕ್ಕೇ ಇಲ್ಲ!"

ವಾರಿಜಾ ಗ್ರೈಂಡರ್ ಬಂದ್ ಮಾಡಿದಳು. "ಎಂತದು? ಇನ್ನೊಮ್ಮೆ ಹೇಳು. ಕಡೆಯದ್ದು."

"ಹೆಗಲಿಗೆ ಹಾಕ್ಲಿಕ್ಕೆ ಇಲ್ಲ."

"ಕಡಾಯಿ ಬಾರಿಸುವುದಾದ್ರೆ ಬಾಂದ್ರಾ ವೆಸ್ಟಿಗೆ ಯಾಕೆ ಹೋಗ್ಬೇಕು? ನಮ್ಮ ಹೋಟೆಲಿಗೆ ಬಾ, ಸಾಲಾಗಿ ಇಟ್ಟಿದ್ದಾರೆ" ಅಂದ ಧನರಾಜ್ ಒಳಗಿನಿಂದ. ಅವನ ಮಾತು ಯಾರೂ ಕೇಳಿಸಿಕೊಳ್ಳಲಿಲ್ಲ.

ವಿಷಯ ಇಷ್ಟು. ಆರ್ಕೆಸ್ಟ್ರಾದಲ್ಲಿ ಟಿಂಪನಿ ಬಾರಿಸುತ್ತಿದ್ದವನು ಕೆಲಸ ಸಿಕ್ಕಿ ದುಬೈಗೆ ಹೋಗಿಬಿಟ್ಟಿದ್ದ. ಮುಂದಿನ ತಿಂಗಳ ಒಂದು ಭಾನುವಾರ ಕಾರ್ಯಕ್ರಮ. ಹೈಡನ್ ಅಂತ ಒಬ್ಬ, ಇನ್ನೂರು ವರ್ಷಕ್ಕೂ ಹಿಂದೆ ಆಸ್ಟ್ರಿಯಾ ದೇಶದಲ್ಲಿ ಇದ್ದವನು, ಗಾಡಿಯ ಚಕ್ರ ಮಾಡುವವನ ಮಗ, ನೂರಕ್ಕೂ ಮೇಲೆ ಸಿಂಫನಿ ಬರೆದಿಟ್ಟು ಹೋಗಿದ್ದಾನೆ. ಸಿಂಫನಿ ಅಂದರೆ ಹಾಡುವವರು ಇಲ್ಲ, ವಾದ್ಯಗಳೇ ಎಲ್ಲ, ಒಂದೊಂದರಲ್ಲಿ ನಾಲ್ಕು ಭಾಗ. ಅವುಗಳಲ್ಲಿ ಒಂದರ ಎರಡನೇ ಭಾಗವನ್ನು ಇವರು ಎತ್ತಿಕೊಂಡಿದ್ದರು. ಅದರಲ್ಲಿ ಒಂದು ತಮಾಷೆ ಇದೆ. ಮಗು ಮಲಗಿಸುವ ಹಾಗೆ ಮೆಲ್ಲಗೆ ಒಂದು ರಾಗ ಬರುತ್ತದೆ, ಅದೇ ರಾಗ ಇನ್ನೂ ಮೆಲ್ಲಗೆ ಎರಡನೇ ಸಲ ಬರುತ್ತದೆ, ಕೇಳುವವನ ಕಣ್ಣು ಎಳೆಯುತ್ತದೆ ಅನ್ನುವಾಗ ಎಲ್ಲ ವಾದ್ಯಗಳೂ ಒಟ್ಟಿಗೆ, ಡೋಲೂ ಸೇರಿ, ಧಡಾರ್! ಮತ್ತೆ ಏನೂ ಆಗಲೇ ಇಲ್ಲ ಅನ್ನುವ ಹಾಗೆ ರಾಗ ಮುಂದುವರಿಯುತ್ತದೆ. ಊಟ ಮಾಡಿ ಬಂದು ತೂಕಡಿಸುವ ದೊಡ್ಡಮನುಷ್ಯರನ್ನು ಎಬ್ಬಿಸಲಿಕ್ಕೆ ಹಾಗೆ ಬರೆದದ್ದು ಅಂತ ಒಂದು ಕಥೆ. ಹೌದೋ ಅಲ್ಲವೋ.

"ಯಕ್ಷಗಾನದ ಆಟದಲ್ಲಿ ನಮ್ಮ ಚೆಂಡೆಯವರೂ ಅದನ್ನೇ ಅಲ್ವಾ ಮಾಡುದು? ಜನ ತೂಕಡಿಸಿದ್ರೆ ಒಂದು ಬಿಗಿಯುದು" ಅಂದಳು ವಾರಿಜಾ. "ಜನ ಒಳ್ಳೆಯವ ಕಾಣ್ತದೆ. ಮಕ್ಕಳೆಷ್ಟು?"

"ಮಕ್ಕಳಿಲ್ಲ ಅತ್ತೆ. ಆದ್ರೆ ಅವನ ಆರ್ಕೆಸ್ಟ್ರಾದವ್ರೆಲ್ಲ ಅವನಿಗೆ ಪಾಪಾ ಅಂತಿದ್ರು."

"ಪಾಪ" ಅಂದಳು ವಾರಿಜಾ. ಕೈ ತೊಳೆದು ಸೀರೆ ಬದಲಿಸಲಿಕ್ಕೆ ಹೋದಳು.

ಆರ್ಕೆಸ್ಟ್ರಾ ನಡೆಸುವವರು ರೋಶನ್ ಮಾಸ್ಟ್ರು, ಮಂಗಳೂರಿನ ಕ್ರಿಶ್ಚಿಯನ್ನರು, ಶಾಲೆಯೊಂದರಲ್ಲಿ ಸಂಗೀತ ಟೀಚರು. ವಾರಿಜಾ ಚರ್ಚ್ ಹಾಲಿನೊಳಗೆ ಕಾಲಿಟ್ಟಾಗ ಟಿಂಪನಿ ಮೂಲೆಯಲ್ಲಿ ನಿಂತಿತ್ತು. ಸಿನಿಮಾ ರೆಕಾರ್ಡಿಂಗಿಗೆ ವಾದ್ಯ ಬಾಡಿಗೆ ಕೊಡುವವರ ಗೋದಾಮಿನಿಂದ ಟೆಂಪೋದಲ್ಲಿ ಬಂದದ್ದು. ತಾಮ್ರದ ಎರಡು ದೊಡ್ಡ ಹೊಟ್ಟೆಗಳು, ಕೆಳಗೆ ಕಾಲು, ಕಾಲಿನ ಹತ್ತಿರ ಒಂದು ಪೆಡಲ್. ವಾರಿಜಾ ಚಪ್ಪಲಿ ಬಾಗಿಲಲ್ಲೇ ಬಿಟ್ಟು ಬಂದು, ಎರಡೂ ಡೋಲುಗಳನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಉಣ್ಣೆಯ ತಲೆಯ ಕೋಲು ಹಿಡಿದು ಒಂದು ಪೆಟ್ಟು ಹಾಕಿದಳು. ದನಿ ನೆಲದಿಂದ ಎದ್ದು ಪಾದದೊಳಗೆ ಬಂದ ಹಾಗಾಯಿತು. ಹೆಗಲು ಏನೂ ಅನ್ನಲಿಲ್ಲ. ಆ ಹೊತ್ತಿಗೇ ಅವಳು ತೀರ್ಮಾನ ಮಾಡಿಬಿಟ್ಟಳು, ಇದು ನನ್ನದು ಅಂತ.

"ನೋಟೇಶನ್ ಓದ್ಲಿಕ್ಕೆ ಬರ್ತದಾ ವಾರಿಜಕ್ಕ?" ರೋಶನ್ ಕೇಳಿದರು.

"ಇಲ್ಲ ಮಾಸ್ಟ್ರೇ. ಕಿವಿ ಉಂಟು."

"ಕಿವಿ ಸಾಕು. ಒಂದೇ ವಿಷಯ, ಇದ್ರಲ್ಲಿ ಬಾರಿಸುದು ಕಮ್ಮಿ, ಸುಮ್ನೆ ನಿಲ್ಲುದು ಜಾಸ್ತಿ. ಮುಂದೆ ಜೋರಾಗಿ ಬಾರಿಸುವ ಜಾಗಗಳಲ್ಲಿ ಎಲ್ಲರ ಜೊತೆ ಇರ್ತೀರಿ, ನಾನು ಕೈ ತೋರಿಸ್ತೇನೆ. ಕಷ್ಟ ಇರುದು ಆ ಮೊದಲ್ನೇ ಪೆಟ್ಟು. ಅದಕ್ಕೆ ಮೊದ್ಲು ನಾನು ದೊಡ್ಡದಾಗಿ ಕೈ ಎತ್ತಿದ್ರೆ ಜನರಿಗೆ ಗೊತ್ತಾಗಿ ಹೋಗ್ತದೆ. ಹಾಗಾಗಿ ನೀವೇ ಕಾಯ್ಬೇಕು."

ಪಿಟೀಲುಗಳು ಶುರುವಾದವು. ಮೆಲ್ಲಗಿನ ರಾಗ, ಒಂದು ಸಣ್ಣ ಸಾಲು. ಸಾಲು ಮುಗಿಯಿತೋ ಇಲ್ಲವೋ, ಡುಂ ಡುಂ!

ಎಲ್ಲರ ಕಮಾನೂ ನಿಂತಿತು.

"ವಾರಿಜಕ್ಕ, ಈಗ ಅಲ್ಲ."

"ಅವ್ರು ಒಂದು ಸಾಲು ಹೇಳಿದ್ರಲ್ಲ ಮಾಸ್ಟ್ರೇ."

"ಹೇಳಿದ್ರು. ನಾವು ಉತ್ತರ ಕೊಡ್ಲಿಕ್ಕಿಲ್ಲ."

ಅಲ್ಲಿಗೆ ಗೊತ್ತಾಯಿತು ತೊಂದರೆ ಎಲ್ಲಿದೆ ಅಂತ. ಚೆಂಡೆಯಲ್ಲಿ, ಭಜನೆಯಲ್ಲಿ, ಒಬ್ಬರು ಸಾಲು ಹೇಳಿದರೆ ಡೋಲು ಸುಮ್ಮನೆ ಕೂರುವುದೆಂದರೆ ಕರೆದವರಿಗೆ ಓಗೊಡದೆ ಇದ್ದ ಹಾಗೆ. ಅಪ್ಪನ ಕೈಯಿಂದ ಕಿವಿಗೆ ಬಂದದ್ದು, ಕಿವಿಯಿಂದ ಕೈಗೆ ಇಳಿದದ್ದು. ಕೈಯನ್ನು ತಡೆದರೆ ಕಾಲು ಕೇಳಲಿಲ್ಲ. ಎರಡನೇ ಸಲ ವಾರಿಜಾ ಕೋಲನ್ನು ಬಿಗಿಯಾಗಿ ಹಿಡಿದುಕೊಂಡಳು, ಬಲಗಾಲು ತಾನಾಗಿ ತಾಳ ಹಾಕುತ್ತ ಹೋಗಿ ಪೆಡಲ್ ಮೇಲೆ ಕೂತಿತು. ಆ ಪೆಡಲ್ ಒತ್ತಿದರೆ ಡೋಲಿನ ಶ್ರುತಿ ಏರುತ್ತದೆ. ಕಡೆಗೆ ಪೆಟ್ಟು ಬಿದ್ದಾಗ ಧಡಾರ್ ಅನ್ನುವ ಬದಲು ಗೊಂಯ್ಞ್ ಅಂತ ಎಮ್ಮೆ ಕರೆದ ಹಾಗೆ ಕೇಳಿಸಿತು. ಕೀಬೋರ್ಡಿನ ಎದುರು ಕೂತಿದ್ದ ವೈಶಾಲಿ ಎಂಬ ಹುಡುಗಿ ನಗು ತಡೆಯಲಾರದೆ ಹೊರಗೆ ಓಡಿದಳು. ವಾರಿಜಾಳೂ ನಕ್ಕಳು. ರೋಶನ್ ಮಾತ್ರ ನಗಲಿಲ್ಲ.

ನಾಲ್ಕಾರು ರಿಹರ್ಸಲ್ ಕಳೆದರೂ ಹಾಗೇ. ಸಾಲುಸಾಲಿಗೆ ಉತ್ತರ ಕೊಡುವುದು ನಿಂತಿತು, ಆದರೆ ಮೊದಲ ಸುತ್ತು ಮುಗಿಯುವಲ್ಲೇ ಪೆಟ್ಟು ಬಿದ್ದುಹೋಗುತ್ತಿತ್ತು. ಎರಡನೇ ಸುತ್ತಿನವರೆಗೆ ಕೈ ಕಾಯುತ್ತಿರಲಿಲ್ಲ. ಎಣಿಸಿರಿ ಅಂದರು, ಎಣಿಸಿದಳು, ನಡುವೆ ರಾಗ ಚೆನ್ನಾಗಿದೆ ಅಂತ ಕೇಳುತ್ತ ಎಣಿಕೆ ಬಿಟ್ಟಳು. ಕಾರ್ಯಕ್ರಮದ ವಾರ ಬಂತು. ರೋಶನ್ ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು:

"ಬೇಜಾರು ಮಾಡ್ಬೇಡಿ ವಾರಿಜಕ್ಕ. ತಮಾಷೆ ಒಮ್ಮೆ ಮೊದ್ಲೇ ಹೇಳಿಬಿಟ್ರೆ ಮತ್ತೆ ಹೇಳ್ಲಿಕ್ಕೆ ಆಗುದಿಲ್ಲ. ಶನಿವಾರವೂ ಹೀಗೇ ಆದ್ರೆ ಡೋಲಿನ ಸೌಂಡು ವೈಶಾಲಿ ಕೀಬೋರ್ಡಲ್ಲೇ ಕೊಡ್ತಾಳೆ."

ಮನೆಗೆ ಬಂದ ವಾರಿಜಾ ಉದ್ದು ತೊಳೆಯಲಿಕ್ಕೆ ಕೂತಳು. ಜೊತೆಗೆ ಬಂದ ನಿಶಾ ವಯೋಲಾ ಹೊರತೆಗೆದು, ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತು, ಅದೇ ರಾಗವನ್ನು ಮೆಲ್ಲಗೆ ನುಡಿಸಿದಳು. ಮತ್ತೆ ನುಡಿಸಿದಳು. ಆಗ ಹೊರಗೆ ನಳದಲ್ಲಿ ನೀರು ಬರುವ ಹೊತ್ತು, ಬಾಲ್ದಿಗಳ ಗಲಾಟೆ, ಅದರ ನಡುವೆ ಹಾಲಿನವನ ಗಂಟೆ. ವಾರಿಜಾ ಉದ್ದು ತಿಕ್ಕುತ್ತ ತಿಕ್ಕುತ್ತ ಬಾಯಲ್ಲೇ ಗೊಣಗಿದಳು:

"ಹಾಲು ಬಂತು ನೀರಿಲ್ಲ. ನೀರು ಬಂತು ಹಾಲಿಲ್ಲ..."

ನಿಶಾ ಕಮಾನು ನಿಲ್ಲಿಸಿದಳು. "ಅತ್ತೆ! ಅದು ಕರೆಕ್ಟ್ ಕೂತಿತು! ರಾಗಕ್ಕೆ ಫಿಟ್! ಮುಂದೆ? ಮುಂದೆ ಎಂತ?"

"ಮುಂದೆ ಎಂತ, ಪುನಃ ಹಾಲು ಬಂತು ನೀರಿಲ್ಲ. ಇಡೀ ದಿನ ಅದೇ ಅಲ್ವಾ ಇಲ್ಲಿ."

"ಮತ್ತೆ ಲಾಸ್ಟ್‌ಗೆ? ಇದು, ಇದು ನೋಡಿ" ಅಂತ ಕೊನೆಯ ತುಂಡನ್ನು ನುಡಿಸಿದಳು. ಐದೇ ಸ್ವರ, ಸಾಲಿಗಿಂತ ಗಿಡ್ಡ.

ವಾರಿಜಾ ತಲೆ ಎತ್ತಿದಳು. ಹೊರಗಿನ ಗಲಾಟೆ ಖೋಲಿಯೊಳಗೆಲ್ಲ ತುಂಬಿತ್ತು. "ಬಾಗಿಲು ಹಾಕು" ಅಂದಳು.

ನಿಶಾ ಎದ್ದು ಬಾಗಿಲು ಹಾಕಲಿಕ್ಕೆ ಹೋದಳು. ಎರಡು ಹೆಜ್ಜೆ ಹೋದವಳು ನಿಂತು, ತಿರುಗಿ ಅತ್ತೆಯ ಮುಖ ನೋಡಿ, ಒಂದೇ ಸಮನೆ ಕುಣಿಯತೊಡಗಿದಳು. "ಬಾಗಿಲು ಹಾಕು! ಅತ್ತೆ, ಅದೇ ಲಾಸ್ಟ್ ಲೈನ್! ಫಸ್ಟ್ ಟೈಮ್ ನೀವು ಹೇಳ್ತೀರಿ, ಯಾರೂ ಹಾಕುದಿಲ್ಲ. ಸೆಕೆಂಡ್ ಟೈಮ್ ಹೇಳ್ತೀರಿ, ಆಗ್ಲೂ ಯಾರೂ ಹಾಕುದಿಲ್ಲ. ಆಗ ನೀವೇ ಎದ್ದು—"

"ಧಡಾರ್" ಅಂದಳು ವಾರಿಜಾ, ಉದ್ದಿನ ಕೈಯಲ್ಲೇ.

ಇಷ್ಟು ವರ್ಷದ ಸಂಸಾರದಲ್ಲಿ ಮೊದಲ ಸಲ ಹೇಳಿದ ಮಾತಿಗೆ ಬಾಗಿಲು ಹಾಕಿದವರನ್ನು ಅವಳು ಕಂಡೇ ಇರಲಿಲ್ಲ. ಹಾಗಾಗಿ ಎರಡನೇ ಸಲದವರೆಗೆ ಕಾಯುವುದು ಈಗ ಸುಲಭವಾಗಿ ಕಂಡಿತು. ಮೇಲಿಂದ ನಿಶಾ ಇನ್ನೊಂದು ಗುರುತು ಹೇಳಿಕೊಟ್ಟಳು. ಎರಡನೇ ಸುತ್ತಿನಲ್ಲಿ ವಯೋಲಾದವರು ಕಮಾನು ಬಿಟ್ಟು ಬೆರಳಿನಿಂದ ತಂತಿ ಮೀಟುತ್ತಾರೆ. "ನನ್ನ ಬೆರಳು ನೋಡ್ತಾ ಇರಿ. ನಾನು ಮೀಟ್ಲಿಕ್ಕೆ ಶುರು ಮಾಡಿದ್ರೆ ಅದು ಸೆಕೆಂಡ್ ಟೈಮ್. ಪಕ್ಕಾ."

ಧನರಾಜ್ ಡ್ಯೂಟಿ ಮುಗಿಸಿ ಬಂದಾಗ ಅತ್ತೆ ಸೊಸೆ ಇಬ್ಬರೂ ಹಿಟ್ಟಿನ ಖಾಲಿ ಡಬ್ಬಗಳನ್ನು ಬೋರಲು ಹಾಕಿಕೊಂಡು ಹಾಲು ಬಂತು ನೀರಿಲ್ಲ ಅನ್ನುತ್ತಿದ್ದರು. "ಎರಡೂ ಬಂದಿದೆಯಲ್ಲ?" ಅಂತ ಅವನು ಪಾತ್ರೆ ತೆರೆದು ನೋಡಿದ.

ಶನಿವಾರದ ರಿಹರ್ಸಲ್. ಮೊದಲ ಸಲ ಪೆಟ್ಟು ಹೇಗೆ ಬಿತ್ತೆಂದರೆ ರೋಶನ್ ಕಣ್ಣು ಮುಚ್ಚಿ ತಲೆಯಾಡಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. "ಇನ್ನೊಮ್ಮೆ" ಅಂದರು. ಇನ್ನೊಮ್ಮೆ ಮೊದಲ ಸುತ್ತಿಗೇ ಬಿದ್ದುಹೋಯಿತು.

"ಒಮ್ಮೆ ಸರಿ, ಒಮ್ಮೆ ತಪ್ಪು" ರೋಶನ್ ತಾಳ ತೋರಿಸುವ ಕಡ್ಡಿ ಕೆಳಗಿಟ್ಟರು. "ನಾಳೆ ಯಾವ ವಾರಿಜಕ್ಕ ಬರ್ತಾರೆ ಅಂತ ನನಗೆ ಹೇಗೆ ಗೊತ್ತು? ವೈಶಾಲಿ, ಕೀಬೋರ್ಡಲ್ಲಿ ಟಿಂಪನಿ ಸೌಂಡ್ ಹಾಕು."

ವೈಶಾಲಿ ಬಟನ್ ಒತ್ತಲಿಲ್ಲ. ವಾರಿಜಾ ಕೋಲುಗಳನ್ನು ಡೋಲಿನ ಮೇಲೆ ಮೆಲ್ಲಗೆ ಇಟ್ಟಳು. ಇಷ್ಟು ದಿನ ಇಲ್ಲಿ ಯಾರ ಹತ್ತಿರವೂ ಆಡದ ಮಾತು ಬಾಯಿಗೆ ಬಂತು.

"ಮಾಸ್ಟ್ರೇ, ನನ್ನ ಹೆಗಲು ಹೋಗಿದೆ. ಇನ್ನು ಚೆಂಡೆ ನನಗೆ ಆಗುದಿಲ್ಲ. ಹೊರದೆ ಬಾರಿಸುವಂಥದ್ದು ಅಂತ ಸಿಕ್ಕಿದ್ದು ಇದೊಂದು ಡೋಲು. ತೆಗೀತೀರಿ ಆದ್ರೆ ತೆಗೀರಿ, ನಾನು ಹಿಟ್ಟು ರುಬ್ಬಿಕೊಂಡು ಇರ್ತೇನೆ. ಆದ್ರೆ ಯಾಕೆ ತಪ್ಪಿತು ಅಂತ ಕೇಳಿ ತೆಗೀರಿ."

"ಯಾಕೆ ತಪ್ಪಿತು?"

"ನನಗೆ ಇವಳ ಬೆರಳು ಕಾಣ್ಬೇಕು. ಮೊದ್ಲು ಕಾಣ್ತಿತ್ತು. ಎರಡನೇ ಸಲ ಆ ದೊಡ್ಡ ಪಿಟೀಲಿನವರು ಕುರ್ಚಿ ಎಳ್ಕೊಂಡು ಮಧ್ಯ ಬಂದ್ರು."

ಚೆಲ್ಲೋ ನುಡಿಸುವವರು ಸಾರಿ ಸಾರಿ ಅನ್ನುತ್ತ ಕುರ್ಚಿ ಹಿಂದಕ್ಕೆ ಸರಿಸಿದರು. ರೋಶನ್ ತಮ್ಮ ಜಾಗ ಬಿಟ್ಟು ಬಂದು, ಟಿಂಪನಿಯ ಹಿಂದೆ ವಾರಿಜಾಳ ಪಕ್ಕದಲ್ಲೇ ನಿಂತು ನೋಡಿದರು. ಆಮೇಲೆ ಜೇಬಿನಿಂದ ಚಾಕ್ ತೆಗೆದು ನಿಶಾಳ ಕುರ್ಚಿಯ ಕಾಲಿನ ಸುತ್ತ ನೆಲದ ಮೇಲೆ ಗೆರೆ ಎಳೆದರು. "ಈ ಕುರ್ಚಿ ಯಾರೂ ಅಲ್ಲಾಡಿಸ್ಬಾರ್ದು" ಅಂದರು. ಅಷ್ಟೇ ಅಂದದ್ದು.

ಭಾನುವಾರ ಸಂಜೆ ಚರ್ಚ್ ಹಾಲು ಜನರಿಂದ ತುಂಬಿತ್ತು. ಮುಂದಿನ ಸಾಲುಗಳಲ್ಲಿ ಬಾಂದ್ರಾದ ಸಂಗೀತ ಬಲ್ಲವರು. ಅವರಿಗೆ ಆ ಪೆಟ್ಟು ಎಲ್ಲಿ ಬರುತ್ತದೆ ಅಂತ ಚಿಕ್ಕಂದಿನಿಂದ ಗೊತ್ತು, ಮೊದಲೇ ನಗುಮುಖ ಮಾಡಿ ಕೂತಿದ್ದರು. ಹಿಂದೆ ಒಂದು ಸಾಲು ಪೂರ್ತಿ ಮಲ್ಲಿಗೆ. ಖೇರವಾಡಿಯ ಬಳಗದವರು ಬೆಳಿಗ್ಗೆ ಒಂದು ಮದುವೆಗೆ ಬಾರಿಸಿ, ಉಂಡು, ಅದೇ ಜರಿ ಸೀರೆಯಲ್ಲಿ ನೇರ ಬಂದಿದ್ದರು. ಫ್ಯಾನಿನ ಕೆಳಗೆ ವಂದನಾ, ಅವಳ ಪಕ್ಕ ಹೋಟೆಲಿಗೆ ರಜೆ ಹಾಕಿದ ಧನರಾಜ್.

ರಾಗ ಶುರುವಾಯಿತು. ವಾರಿಜಾ ಎರಡೂ ಕಾಲನ್ನು ಪೆಡಲಿನಿಂದ ದೂರ ಜೋಡಿಸಿ ನಿಂತಿದ್ದಳು. ಹಾಲು ಬಂತು ನೀರಿಲ್ಲ. ನೀರು ಬಂತು ಹಾಲಿಲ್ಲ. ಹಾಲು ಬಂತು ನೀರಿಲ್ಲ. ಬಾಗಿಲು ಹಾಕು. ಕೈ ಎದ್ದಿತು, ನಿಜವಾಗಿ ಎದ್ದಿತು, ಅರ್ಧ ದಾರಿಯಲ್ಲಿ ಅವಳ ಕಣ್ಣು ನಿಶಾಳ ಬೆರಳಿಗೆ ಹೋಯಿತು. ಬೆರಳು ಇನ್ನೂ ಕಮಾನಿನ ಮೇಲೇ ಇತ್ತು. ಯಾರೂ ಬಾಗಿಲು ಹಾಕಿಲ್ಲ. ಕೈ ಇಳಿಯಿತು. ನಿಶಾ ಕಮಾನು ಬದಿಗೆ ಹಿಡಿದು ತಂತಿ ಮೀಟಿದಳು. ರಾಗ ಈಗ ಕಿವಿ ಕೊಟ್ಟರೆ ಮಾತ್ರ ಕೇಳುವಷ್ಟು ಸಣ್ಣಗೆ. ಹಿಂದಿನ ಸಾಲಿನಲ್ಲಿ ವಂದನಾಳ ತಲೆ ಮೆಲ್ಲಗೆ ಧನರಾಜನ ಕಡೆ ವಾಲುವುದು ವಾರಿಜಾಳಿಗೆ ಕಂಡಿತು. ಹಾಲು ಬಂತು, ನೀರು ಬಂತು, ಹಾಲು ಬಂತು. ಬಾಗಿಲು ಹಾಕು—

ಧಡಾರ್!

"ಅಯ್ಯೊ ದೇವೆರೇ!" ವಂದನಾ ಎದ್ದು ನಿಂತುಬಿಟ್ಟಳು. ಅವಳ ಹಿಂದೆಯೇ ಮಲ್ಲಿಗೆಯ ಇಡೀ ಸಾಲು ಬೆಚ್ಚಿತು. ಒಬ್ಬಳ ತಾಳ ಚೀಲದಿಂದ ಜಾರಿ ನೆಲಕ್ಕೆ ಬಿದ್ದು ಟಿಂಗ್ ಅಂದಿತು. ಮುಂದಿನ ಸಾಲಿನ ಬಲ್ಲವರೆಲ್ಲ ಹಿಂದಕ್ಕೆ ತಿರುಗಿದರು. ಅಷ್ಟು ವರ್ಷ ಕೇಳಿದ ಆ ತಮಾಷೆಗೆ ಯಾರಾದರೂ ನಿಜವಾಗಿ ಬೆಚ್ಚಿದ್ದನ್ನು ಅವರು ಕಂಡದ್ದು ಅವತ್ತೇ. ಇಡೀ ಸಭೆಯೇ ನಕ್ಕಿತು. ರೋಶನ್ ಬೆನ್ನು ಅಲ್ಲಾಡುತ್ತಿತ್ತು, ಆದರೆ ಕೈ ನಿಲ್ಲಿಸಲಿಲ್ಲ. ರಾಗ ಏನೂ ಗೊತ್ತಿಲ್ಲದ ಹಾಗೆ ಮುಂದೆ ಹೋಯಿತು. ಮುಂದಿನ ಜೋರು ಜಾಗಗಳಲ್ಲಿ ವಾರಿಜಾ ಎಲ್ಲರ ಜೊತೆ ಬಾರಿಸಿದಳು, ಒಂದೂ ತಪ್ಪಲಿಲ್ಲ.

ಮುಗಿದ ಮೇಲೆ ವಂದನಾ ಎದೆ ಹಿಡಿದುಕೊಂಡೇ ಸ್ಟೇಜಿಗೆ ಬಂದಳು.

"ಎಂತ ಹೊಡೆತ ಮಾರಾಯ್ತಿ! ನನ್ನ ಜೀವ ಹೋಗಿ ಬಂತು. ಹೆಗಲು ನೋವು ಅಂತ ನಮಗೆ ಹೇಳಿ ಇಲ್ಲಿ ಬಂದು ಗುಡುಗುದಾ?"

"ಹೆಗಲಿಗೆ ಏನಿಲ್ಲ ನೋಡು. ಇದಕ್ಕೆ ಕಾಲುಂಟು."

ವಂದನಾ ಬಗ್ಗಿ ಟಿಂಪನಿಯ ಕೆಳಗೆ ನೋಡಿದಳು. ಸುತ್ತು ಬಂದು ನೋಡಿದಳು. ಕಾಲಿನ ತುದಿಯಲ್ಲಿ ಸಣ್ಣ ಚಕ್ರಗಳಿದ್ದವು. ಒಮ್ಮೆ ದೂಡಿ ನೋಡಿದಳು, ಅದು ಉರುಳಿತು. "ಇಷ್ಟು ದಿನ ನಮಗೆ ಯಾಕೆ ಹೊಳೆಯಲಿಲ್ಲ?" ಅಂದಳು. "ದಿಬ್ಬಣ ನಡೆಯುವುದಲ್ವಾ, ಚೆಂಡೆ ಹೆಗಲಲ್ಲೇ ಇರಬೇಕು ಅಂತ ಕೂತಿದ್ದೆವು."

ಧಾರಾವಿಯ ಒಬ್ಬ ವೆಲ್ಡಿಂಗಿನವನು ಹಳೆಯ ಆಫೀಸ್ ಕುರ್ಚಿಯ ಚಕ್ರ ಹಾಕಿ ಕಬ್ಬಿಣದ ಸ್ಟ್ಯಾಂಡ್ ಮಾಡಿಕೊಟ್ಟ. ಈಗ ದಿಬ್ಬಣದಲ್ಲಿ ವಾರಿಜಾಳ ಚೆಂಡೆ ಉರುಳುತ್ತ ಬರುತ್ತದೆ, ಮೊದಲ ಸಾಲಿನಲ್ಲಿ. ಗುಂಡಿ ಬಂದಲ್ಲಿ ನಾಲ್ಕು ಹೆಂಗಸರು ಸೇರಿ ಎತ್ತಿ ದಾಟಿಸುತ್ತಾರೆ. ಮದುವೆ ಹಾಲಿನ ಬಾಗಿಲಿಗೆ ಮುಟ್ಟಿದ ಮೇಲೆ ವಂದನಾ ಕೈ ಎತ್ತುತ್ತಾಳೆ, ಎಲ್ಲ ಚೆಂಡೆಗಳೂ ನಿಲ್ಲುತ್ತವೆ, ತಾಳ ಮಾತ್ರ ಸಣ್ಣಗೆ ಟಿಂಗ್ ಟಿಂಗ್ ಅನ್ನುತ್ತದೆ. ಮುಗಿಯಿತು ಅಂದುಕೊಂಡು ಮದುಮಗ ಬೆವರು ಒರೆಸಲಿಕ್ಕೆ ಕರ್ಚೀಫು ತೆಗೆಯುತ್ತಾನೆ. ವಾರಿಜಾ ಒಂದು ಸುತ್ತು ಬಿಡುತ್ತಾಳೆ. ಎರಡನೇ ಸುತ್ತೂ ಮುಗಿಯುವವರೆಗೆ, ತುಟಿ ಅಲ್ಲಾಡಿಸುತ್ತ, ಕಾಯುತ್ತಾಳೆ.